ನಡೆಯದ ರಾಯ್ ಶುಮಾರಿ: ಹೈದರಾಬಾದಿನ ಪುಸ್ತಕಗಳು ಯಾರ ಮತ ಹಾಕಿವೆ?

ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಕಡೆ ಒಂದೇ ದಿನಕ್ಕೆ ನಾಲ್ಕೈದು ಹೆಸರು. ಕೇಂದ್ರ ಸರ್ಕಾರ 2022ರಿಂದ ಅದನ್ನು 'ಹೈದರಾಬಾದ್ ವಿಮೋಚನಾ ದಿನ' ಅಂತ ಆಚರಿಸುತ್ತಿದೆ. ಅದೇ ವರ್ಷ ತೆಲಂಗಾಣ ಸರ್ಕಾರ 'ರಾಷ್ಟ್ರೀಯ ಸಮೈಕ್ಯತಾ ದಿನ' ಅಂದಿತು. ಸರ್ಕಾರ ಬದಲಾದ ಮೇಲೆ, 2024ರಲ್ಲಿ, ಅದು 'ಪ್ರಜಾಪಾಲನಾ ದಿನ' ಆಯಿತು. ಪಟಾನ್‌ಚೆರುವಿನಿಂದ ಮುಂಬೈ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿ ಬೀದರಿಗೆ ಹೋದರೆ ಅಲ್ಲಿ ಅದು 'ಕಲ್ಯಾಣ ಕರ್ನಾಟಕ ಉತ್ಸವ'. 2019ಕ್ಕೆ ಮೊದಲು 'ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ' ಆಗಿತ್ತು. ದಖನಿ ಉರ್ದು ಮಾತಾಡುವ ನಮ್ಮ ಮನೆಗಳ ಹಿರಿಯರು ಮಾತ್ರ ಇಂದಿಗೂ ಬರೀ 'ಪೊಲೀಸ್ ಆಕ್ಷನ್' ಅಂತಾರೆ. ಯಾರು ಯಾವಾಗ ಹುಟ್ಟಿದರು, ಯಾರ ಮದುವೆ ಯಾವಾಗ ಆಯಿತು ಅನ್ನೋ ಲೆಕ್ಕಕ್ಕೂ ಅವರಿಗೆ ಅದೇ ಗುರುತು. ಅದಕ್ಕೆ ಮುಂಚೆಯೋ, ಆಮೇಲೆಯೋ?

ಪಾಠ ಮಾಡುವವರಿಗೆ ಈ ದಿನ ಕಷ್ಟದ ದಿನ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಹೈದರಾಬಾದಿನ ವಿಲೀನಕ್ಕೆ ಹೆಚ್ಚೆಂದರೆ ಒಂದೆರಡು ಪ್ಯಾರಾ. ಆದರೆ ಮಕ್ಕಳು ಕೇಳುವ ಪ್ರಶ್ನೆ ಆ ಪ್ಯಾರಾದೊಳಗೆ ಹಿಡಿಸುವುದಿಲ್ಲ. 'ಆವಾಗ ವೋಟ್ ಇಟ್ಟಿದ್ರೆ ನಮ್ಮೋರು ಯಾವ ಕಡೆ ಹಾಕ್ತಿದ್ರು?' ಇದು ಮುಸ್ಲಿಂ ಮಕ್ಕಳೇ ಕೇಳುವ ಪ್ರಶ್ನೆ. ಅದರ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಯಾರೋ ಅವರನ್ನು ಮೊದಲೇ ಕೇಳಿರುತ್ತಾರೆ: ನಿಮ್ಮ ಅಜ್ಜಂದಿರು ರಜಾಕಾರರಾಗಿದ್ರಾ?

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಓದಿದ ಕೆಲವು ಪುಸ್ತಕಗಳನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಹೈದರಾಬಾದಿನಲ್ಲಿ ಜನಮತಗಣನೆ ನಡೆಯಲೇ ಇಲ್ಲ. ಆದರೆ ಆಮೇಲೆ ಬಂದ ಪುಸ್ತಕಗಳು ಅದು ನಡೆದುಹೋಗಿದೆ ಅನ್ನುವಂತೆ ಫಲಿತಾಂಶ ಹೇಳುತ್ತವೆ. ಒಂದೊಂದು ಪುಸ್ತಕ ಒಂದೊಂದು ಸಮುದಾಯದ ಪರವಾಗಿ ತಾನೇ ಮತ ಹಾಕಿಬಿಟ್ಟಿದೆ. ಅದರಲ್ಲೂ ಮುಸ್ಲಿಮರ ಮತವನ್ನು ಎಲ್ಲರೂ ಒಂದೇ ಪೆಟ್ಟಿಗೆಗೆ ಹಾಕಿದ್ದಾರೆ. ಇದರ ಬಗ್ಗೆಯೇ ನನ್ನ ತಕರಾರು.

ಪ್ರಶ್ನೆ ಏನಿತ್ತು?

ಮೊದಲು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಹೈದರಾಬಾದ್ ಸಂಸ್ಥಾನ ಸುಮಾರು 82,000 ಚದರ ಮೈಲಿ. 1941ರ ಜನಗಣತಿಯಲ್ಲಿ ಜನಸಂಖ್ಯೆ 1 ಕೋಟಿ 63 ಲಕ್ಷದಷ್ಟು. 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು: ಬೀದರ್, ಕಲಬುರಗಿ, ರಾಯಚೂರು. ಮುಸ್ಲಿಮರು ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು.

ಬ್ರಿಟಿಷರು ಹೊರಡುವುದು ಖಚಿತವಾದಾಗ, 1947ರ ಜೂನ್‌ನಲ್ಲಿ, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಒಂದು ಫರ್ಮಾನು ಹೊರಡಿಸಿದರು. ಭಾರತದ ಸಂವಿಧಾನ ಸಭೆಗೂ ಇಲ್ಲ, ಪಾಕಿಸ್ತಾನದ್ದಕ್ಕೂ ಇಲ್ಲ, ಬ್ರಿಟಿಷರ ಅಧಿರಾಜತ್ವ ಮುಗಿದ ಮೇಲೆ ಹೈದರಾಬಾದ್ ಸ್ವತಂತ್ರ ಅಂತ ಅದರ ಸಾರ. ಆ ವರ್ಷ ಆಗಸ್ಟ್‌ನಲ್ಲಿ ಮೌಂಟ್‌ಬ್ಯಾಟನ್ ಜನಮತಗಣನೆಯ ಮಾತೆತ್ತಿದರು, ನಿಜಾಮರು ತಳ್ಳಿಹಾಕಿದರು. ನವೆಂಬರ್ 29ಕ್ಕೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. 1948ರ ಜೂನ್‌ನಲ್ಲಿ ಸಿದ್ಧವಾದ ಕರಡಿನಲ್ಲಿ ವಯಸ್ಕ ಮತದಾನದ ಆಧಾರದ ಮೇಲೆ ಜನಮತಗಣನೆ ನಡೆಸುವ ಅಂಶ ಮತ್ತೆ ಬಂತು. ಆ ಕರಡಿಗೂ ಸಹಿ ಬೀಳಲಿಲ್ಲ. ಸೆಪ್ಟೆಂಬರ್ 13ಕ್ಕೆ ಸೇನೆ ಒಳಗೆ ಬಂತು. 17ಕ್ಕೆ ಕದನ ನಿಂತಿತು, 18ಕ್ಕೆ ನಿಜಾಮರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಗೆ ಶರಣಾದರು. ಸೋಲಾಪುರದ ಕಡೆಯಿಂದ ನಳದುರ್ಗ, ಹುಮನಾಬಾದ್, ಜಹೀರಾಬಾದ್ ಮೇಲೆ ಸೇನೆಯ ಮುಖ್ಯ ದಂಡು ಬಂದ ರಸ್ತೆಯೇ ಇವತ್ತು ನಮ್ಮ ಪಟಾನ್‌ಚೆರುವಿನ ನಡುವೆ ಹಾಯುವ ಹೆದ್ದಾರಿ.

ಸೆಪ್ಟೆಂಬರ್ ನಂತರವೂ ಜನಮತಗಣನೆ ನಡೆಯಲಿಲ್ಲ. 1949ರ ನವೆಂಬರ್ 23ರ ಫರ್ಮಾನಿನಲ್ಲಿ ನಿಜಾಮರು ಭಾರತದ ಸಂವಿಧಾನವನ್ನು ಒಪ್ಪಿಕೊಂಡರು. ಇಲ್ಲಿ ಸ್ವಲ್ಪ ನಿಲ್ರಿ. 'ಸ್ವತಂತ್ರ' ಅಂದದ್ದೂ ಫರ್ಮಾನು, 'ಭಾರತ' ಅಂದದ್ದೂ ಫರ್ಮಾನು. ಎರಡೂ ಸಲ ಒಬ್ಬರದೇ ಕಲಮು. ಒಂದೂವರೆ ಕೋಟಿಗೂ ಹೆಚ್ಚು ಜನರನ್ನು ಎರಡೂ ಸಲ ಯಾರೂ ಕೇಳಲಿಲ್ಲ.

ಉರ್ದುವಿನಲ್ಲಿ ಇದಕ್ಕೆ 'ರಾಯ್ ಶುಮಾರಿ' ಅಂತಾರೆ. ರಾಯ್ ಅಂದ್ರೆ ಅಭಿಪ್ರಾಯ, ಶುಮಾರಿ ಅಂದ್ರೆ ಎಣಿಕೆ. ಕನ್ನಡದ 'ಜನಮತಗಣನೆ'ಯಲ್ಲೂ ಅದೇ ಎಣಿಕೆ ಇದೆ. ಎಣಿಸಬೇಕಾದರೆ ಒಂದೊಂದನ್ನೇ ಬಿಡಿಸಿ ನೋಡಬೇಕಲ್ವಾ? ನಮ್ಮ ಇತಿಹಾಸಕಾರರು ಬಿಡಿಸಿ ನೋಡುವ ಕೆಲಸವನ್ನೇ ಬಿಟ್ಟು ರಾಶಿ ಹಾಕಿ ತೂಗಿದ್ದಾರೆ.

ದಿಲ್ಲಿಯ ಮೇಜಿನಿಂದ

ವಿ.ಪಿ. ಮೆನನ್ ಸಂಸ್ಥಾನಗಳ ಇಲಾಖೆಯ ಕಾರ್ಯದರ್ಶಿಯಾಗಿದ್ದವರು. ಭಾರತದ ಸಂಸ್ಥಾನಗಳ ಏಕೀಕರಣದ ಬಗ್ಗೆ 1956ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಹೈದರಾಬಾದಿಗೆ ಮೂರು ಅಧ್ಯಾಯಗಳಿವೆ. ಮಾತುಕತೆಯ ಒಂದೊಂದು ಹಂತ ಯಾವಾಗ ಏನಾಯಿತು ಅಂತ ತಿಳಿಯಬೇಕಾದರೆ ಇದನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಪುಸ್ತಕವೂ ಇದೇ. ಬರವಣಿಗೆ ನೇರ. ನಿಜಾಮರ ಅಳುಕು, ಇತ್ತೆಹಾದ್‌ನವರ ಹಠ, ಪ್ರಧಾನಿಗಳ ಬದಲಾವಣೆ ಎಲ್ಲ ಕಣ್ಣಿಗೆ ಕಟ್ಟುವಂತಿದೆ.

ಆದರೆ ಮೆನನ್ ಅವರ ಪುಸ್ತಕದಲ್ಲಿ ಜನಮತಗಣನೆ ಬರುವುದು ಮಾತುಕತೆಯ ಒಂದು ಪಟ್ಟಾಗಿ. ಆ ಕಡೆಯವರು ಒಪ್ಪಲಿಲ್ಲ, ಅಲ್ಲಿಗೆ ಅದರ ಕಥೆ ಮುಗಿಯಿತು. ಒಪ್ಪಿದ್ದರೆ ಯಾರು ಏನು ಹೇಳುತ್ತಿದ್ದರು ಅನ್ನುವ ಕುತೂಹಲ ಅವರಿಗಿಲ್ಲ. ಅವರ ದೃಷ್ಟಿಯಲ್ಲಿ ಶೇಕಡಾ 85ರಷ್ಟು ಜನ ಹಿಂದೂಗಳಿರುವಾಗ ಫಲಿತಾಂಶ ಮೊದಲೇ ಗೊತ್ತಿರುವುದೇ. ಲೆಕ್ಕ ತಪ್ಪು ಅಂತ ನಾನೂ ಹೇಳುವುದಿಲ್ಲ. ಮತದಾನ ನಡೆದಿದ್ದರೆ ಭಾರತದ ಪರವಾಗಿಯೇ ಬಹುಮತ ಬರುತ್ತಿತ್ತು ಅಂತ ನನಗೂ ಅನಿಸುತ್ತದೆ. ತೊಂದರೆ ಇರುವುದು ಆ ಲೆಕ್ಕದ ವಿಧಾನದಲ್ಲಿ. ಧರ್ಮ ನೋಡಿ ಮತ ಊಹಿಸುವುದು ರಜಾಕಾರರ ನಾಯಕ ಕಾಸಿಂ ರಜ್ವಿಯ ವಿಧಾನವೂ ಆಗಿತ್ತು.

ಕೆ.ಎಂ. ಮುನ್ಷಿ 1948ರ ಜನವರಿಯಿಂದ ಹೈದರಾಬಾದಿನಲ್ಲಿ ಭಾರತದ ಏಜೆಂಟ್ ಜನರಲ್ ಆಗಿದ್ದರು. ಅವರ 'ದಿ ಎಂಡ್ ಆಫ್ ಆನ್ ಎರಾ' 1957ರಲ್ಲಿ ಬಂತು. ಕಾದಂಬರಿಕಾರರ ಕೈ, ಹಾಗಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಅವರ ಪಾತ್ರಗಳು ಅರಮನೆ, ಸಚಿವರು, ರಜಾಕಾರರು, ಅವರಿಂದ ನೊಂದ ಹಿಂದೂಗಳು. ಇವರಲ್ಲಿ ಯಾರೂ ಅಲ್ಲದ ಸಾಮಾನ್ಯ ಮುಸ್ಲಿಮನಿಗೆ, ಅಂದ್ರೆ ತಾಲೂಕು ಕಚೇರಿಯ ಗುಮಾಸ್ತನಿಗೆ, ಟಾಂಗಾದವನಿಗೆ, ನೇಕಾರನಿಗೆ, ಈ ಪುಸ್ತಕದಲ್ಲಿ ಜಾಗ ಬಹಳ ಕಡಿಮೆ. ದಿನವೂ ಕಾವಲಿನ ನಡುವೆ ಇದ್ದ ರಾಜಪ್ರತಿನಿಧಿಗೆ ಅವರು ಕಾಣಿಸದಿದ್ದದ್ದು ಆಶ್ಚರ್ಯವಲ್ಲ. ಆದರೆ ಕಾಣದವರ ಪರವಾಗಿ ತೀರ್ಮಾನ ಹೇಳಬಾರದಿತ್ತು.

ಕರಾಚಿಯ ಮೇಜಿನಿಂದ

ಮೀರ್ ಲಾಯಕ್ ಅಲಿ ಹೈದರಾಬಾದಿನ ಕೊನೆಯ ಪ್ರಧಾನಿ. ಮೂಲತಃ ಎಂಜಿನಿಯರು, ಉದ್ಯಮಿ. 1950ರ ಮಾರ್ಚ್‌ನಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನಕ್ಕೆ ಹೋದರು. 1962ರಲ್ಲಿ ಕರಾಚಿಯಿಂದ ಅವರ 'ಟ್ರ್ಯಾಜಿಡಿ ಆಫ್ ಹೈದರಾಬಾದ್' ಬಂತು. ನಮ್ಮ ಸಮುದಾಯದ ಹಳೆಯ ಮನೆಗಳಲ್ಲಿ ಇದರ ಬಗ್ಗೆ ಒಂದು ಮಮತೆ ಇದೆ. 'ನಮ್ಮ ಕಡೆಯ ಪುಸ್ತಕ' ಅಂತಾರೆ. ಅದಕ್ಕಾಗಿಯೇ ಇದನ್ನು ಹೆಚ್ಚು ಬಿಗಿಯಾಗಿ ಓದಬೇಕು.

ಪುಸ್ತಕದ ಬಲ ಎಲ್ಲಿದೆ ಅಂದರೆ, ದಿಗ್ಬಂಧನದ ದಿನಗಳ ಚಿತ್ರದಲ್ಲಿ. ಔಷಧಿ, ಯಂತ್ರದ ಬಿಡಿಭಾಗ, ಪೆಟ್ರೋಲು ಬರದೆ ನಾಡು ಹೇಗೆ ಉಸಿರುಗಟ್ಟಿತು ಅನ್ನೋದು ದಿಲ್ಲಿಯ ಪುಸ್ತಕಗಳಲ್ಲಿ ಇಷ್ಟು ಹತ್ತಿರದಿಂದ ಸಿಗುವುದಿಲ್ಲ. ಭಾರತದ ಕಡೆಯ ಮಾತುಗಳು ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ ಹೇಗೆ ಬದಲಾದವು ಅಂತ ಅವರು ತೋರಿಸುವುದೂ ಉಪಯುಕ್ತ. ಆದರೆ ರಜಾಕಾರರ ವಿಷಯ ಬಂದಾಗ ಸ್ವರ ಮೆತ್ತಗಾಗುತ್ತದೆ. 'ಹೈದರಾಬಾದ್' ಅಂತ ಅವರು ಹೇಳಿದಾಗಲೆಲ್ಲ ಅದರೊಳಗೆ ಯಾರಿದ್ದಾರೆ ಅಂತ ಹುಡುಕಬೇಕಾಗುತ್ತದೆ. ಬೀದರ್ ಜಿಲ್ಲೆಯ ಗೋರ್ಟಾದವರು ಅದರಲ್ಲಿ ಇದ್ದರೇ? 1948ರ ಮೇ ತಿಂಗಳಲ್ಲಿ ಆ ಊರಿನ ಮೇಲೆ ರಜಾಕಾರರು ಬಿದ್ದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಊರು ಇಂದಿಗೂ ನೆನೆಯುತ್ತದೆ. ಆಗ ಪ್ರಧಾನಿಯಾಗಿದ್ದವರು ಇವರೇ.

ಇನ್ನೊಂದು ತಾರೀಕು ನೋಡ್ರಿ. 1948ರ ಆಗಸ್ಟ್ 21. ಆ ದಿನ ಲಾಯಕ್ ಅಲಿ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು, ನಮ್ಮ ಮಾತು ಕೇಳಿ ಅಂತ. ಅದೇ ರಾತ್ರಿ ಕಾಚಿಗುಡದಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಮನೆಗೆ ಹೋಗುವಾಗ ರಜಾಕಾರರು ಅವರ ಮೇಲೆ ಗುಂಡು ಹಾರಿಸಿದರು, ಕೈ ಕಡಿದರು. ವಯಸ್ಸು ಮೂವತ್ತೂ ಆಗಿರಲಿಲ್ಲ. ಉಸ್ಮಾನಿಯಾದ ಪದವೀಧರ, ಉರ್ದು ಪತ್ರಕರ್ತ, ನಮಾಜಿನ ಮನೆಯ ಹುಡುಗ. ಅವರ ಅಪರಾಧ ಏನಂದ್ರೆ, ಹೈದರಾಬಾದ್ ಭಾರತಕ್ಕೆ ಸೇರಬೇಕು, ರಜಾಕಾರರ ಹಾವಳಿ ನಿಲ್ಲಬೇಕು ಅಂತ ಬರೆದದ್ದು. ಜಗತ್ತು ತನ್ನ ಮಾತು ಕೇಳಲಿ ಅಂತ ಕೇಳಿಕೊಂಡ ರಾಜ್ಯದಲ್ಲಿ ಒಂದು ಅಭಿಪ್ರಾಯ ಬರೆದವನಿಗೆ ಆ ದಿನ ಮನೆ ಮುಟ್ಟೋಕೆ ಆಗಲಿಲ್ಲ. ಲಾಯಕ್ ಅಲಿ ಅವರ 'ದುರಂತ' ಅನ್ನುವ ಮಾತು ಈ ರಾತ್ರಿಗೂ ಸಲ್ಲಬೇಕಿತ್ತು.

ಏಳು ಜನರ ಸಹಿ

ಈ ಎರಡು ಮೇಜುಗಳ ನಡುವೆ ಕಳೆದುಹೋದ ಒಂದು ಸಣ್ಣ ಪುಸ್ತಕವಿದೆ. ಬರೆದವರು ಫರೀದ್ ಮಿರ್ಜಾ. ನಿಜಾಮ್ ಸರ್ಕಾರದಲ್ಲಿ ತಹಸೀಲ್ದಾರರಾಗಿದ್ದವರು, ರಜಾಕಾರರ ದೌರ್ಜನ್ಯ ಸಹಿಸದೆ ಕೆಲಸ ಬಿಟ್ಟವರು. ಪೊಲೀಸ್ ಆಕ್ಷನ್‌ಗೆ ಹಿಂದಿನ ಮತ್ತು ನಂತರದ ದಿನಗಳಲ್ಲಿ ತಾವು ಕಂಡದ್ದು, ಅನುಭವಿಸಿದ್ದು, ಮಾಡಿದ್ದು, ಇಷ್ಟನ್ನೇ ಬರೆದಿದ್ದಾರೆ. ಇಂಗ್ಲಿಷ್ ಸಾದಾ. ಅಲಂಕಾರ ಇಲ್ಲ. ಕಚೇರಿಯ ವರದಿಯ ಹಾಗೆ ಊರು, ಹೆಸರು, ಘಟನೆ.

1948ರ ಆಗಸ್ಟ್‌ನಲ್ಲಿ ಏಳು ಜನ ಮುಸ್ಲಿಮರು ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. ನವಾಬ್ ಮಂಜೂರ್ ಜಂಗ್, ಬಾಕರ್ ಅಲಿ ಮಿರ್ಜಾ, ಮುಲ್ಲಾ ಅಬ್ದುಲ್ ಬಾಸಿತ್ ಮೊದಲಾದವರು, ಜತೆಗೆ ಫರೀದ್ ಮಿರ್ಜಾ. ಭಾರತಕ್ಕೆ ಸೇರುವುದೇ ಸರಿ, ರಜಾಕಾರ ದಳ ವಿಸರ್ಜನೆಯಾಗಬೇಕು ಅಂತ ಅವರ ಮಾತು. 'ಇಮ್ರೋಜ್' ಅದನ್ನು ಅಚ್ಚು ಹಾಕಿತು. ಕೆಲವೇ ದಿನಗಳಲ್ಲಿ ಶೋಯೆಬುಲ್ಲಾ ಅವರ ಕೊಲೆಯಾಯಿತು.

ಏಳು ಸಹಿ ಏನು ಮಹಾ ಅಂತ ಕೇಳಬಹುದು. ಇಪ್ಪತ್ತು ಲಕ್ಷ ಮುಸ್ಲಿಮರಲ್ಲಿ ಏಳು ಜನ. ನಾನು ಹೀಗೆ ನೋಡುತ್ತೇನೆ: ಮತಪೆಟ್ಟಿಗೆ ಇಲ್ಲದ ನಾಡಿನಲ್ಲಿ ಹೆಸರು ಹಾಕಿ, ವಿಳಾಸ ಗೊತ್ತಿದ್ದೂ ಬಹಿರಂಗವಾಗಿ ಚಲಾಯಿಸಿದ ಏಳು ಮತಗಳು ಅವು. ಗುಪ್ತ ಮತದಾನ ಇದ್ದಿದ್ದರೆ ಅವರ ಹಿಂದೆ ಎಷ್ಟು ಜನ ಇರುತ್ತಿದ್ದರು ಅನ್ನೋದು ಯಾರಿಗೂ ತಿಳಿಯದು. ಹಾಗೆ ತಿಳಿಯದಂತೆ ಮಾಡಿದ್ದೇ ರಜಾಕಾರರ ಸಾಧನೆ. ಫರೀದ್ ಮಿರ್ಜಾ ಅವರ ಪುಸ್ತಕದ ಇನ್ನೊಂದು ಗುಣ, ಅವರು ಸೆಪ್ಟೆಂಬರ್ 17ಕ್ಕೆ ನಿಲ್ಲಿಸುವುದಿಲ್ಲ. ಭಾರತ ಬೇಕು ಅಂದ ಮನುಷ್ಯ, ಭಾರತ ಬಂದ ಮೇಲೆ ಮುಸ್ಲಿಮರ ಮೇಲೆ ಆದದ್ದನ್ನೂ ಮುಚ್ಚಿಡದೆ ಬರೆದರು. ಎರಡೂ ಕಡೆಯವರಿಗೆ ಬೇಡವಾದದ್ದು ಇದಕ್ಕೇ ಇರಬೇಕು.

ಇನ್ನೂ ಎಷ್ಟು ರಾಯ್?

ಸ್ವಲ್ಪ ಬಿಡಿಸಿ ಎಣಿಸೋಣ. 'ಆಜಾದ್ ಹೈದರಾಬಾದ್' ಅಂದವರಲ್ಲೇ ಎರಡು ಬಗೆ. ನಿಜಾಮರಿಗೆ ಆಜಾದಿ ಅಂದ್ರೆ ಆಸಫ್‌ಜಾಹಿ ವಂಶದ ಸಾರ್ವಭೌಮತ್ವ. ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್‌ಗೆ ಅದು ಸಮುದಾಯದ ಸಾರ್ವಭೌಮತ್ವ. ಬಹಾದುರ್ ಯಾರ್ ಜಂಗ್ ಅವರ ಕಾಲದಿಂದ ಬಂದ 'ಅನಲ್ ಮಲಿಕ್' ಘೋಷಣೆಯ ಪ್ರಕಾರ ಪ್ರತಿಯೊಬ್ಬ ಮುಸ್ಲಿಮನೂ ದೊರೆ, ನಿಜಾಮ್ ಅದರ ಗುರುತು ಮಾತ್ರ. ಅರಮನೆಗೆ ಈ ಮಾತು ಒಳಗೊಳಗೇ ಇರುಸುಮುರುಸು ತರುವಂಥದ್ದೇ. ಬಡ ಮುಸ್ಲಿಮನ ಹೊಟ್ಟೆಗೆ ಈ ದೊರೆತನದಿಂದ ಏನೂ ಬರಲಿಲ್ಲ. ಆದರೆ ಸೆಪ್ಟೆಂಬರ್ ನಂತರ ಅದರ ಬೆಲೆ ಕಟ್ಟಿದವನು ಅವನೇ.

ಮೂರನೆಯ ಅಭಿಪ್ರಾಯ, ಭಾರತದೊಂದಿಗೆ ಬೇಗ ರಾಜಿ ಮಾಡಿಕೊಳ್ಳಬೇಕು ಅನ್ನುವುದು. ಬೆಂಗಳೂರಿನ ನಮ್ಮ ಸರ್ ಮಿರ್ಜಾ ಇಸ್ಮಾಯಿಲ್, ಮೈಸೂರಿನ ದಿವಾನರಾಗಿದ್ದವರು, 1946ರಲ್ಲಿ ಹೈದರಾಬಾದಿನ ಪ್ರಧಾನಿಯಾದರು. ಇತ್ತೆಹಾದ್‌ನ ವಿರೋಧ, ನಿಜಾಮರ ಅಪನಂಬಿಕೆ ತಾಳದೆ 1947ರ ಮೇನಲ್ಲಿ ಬಿಟ್ಟು ಹೋದರು. ಅವರ ನಂತರ ಬಂದ ಛತ್ತಾರಿ ನವಾಬರೂ ರಾಜಿಯ ಕಡೆಯವರೇ. 1947ರ ಅಕ್ಟೋಬರ್ 27ರ ಬೆಳಗಿನ ಜಾವ, ಮಾತುಕತೆಗೆ ದಿಲ್ಲಿಗೆ ಹೊರಟ ನಿಯೋಗದವರ ಮನೆಗಳನ್ನು ರಜಾಕಾರರ ಗುಂಪು ಸುತ್ತುಗಟ್ಟಿತು. ಛತ್ತಾರಿ ರಾಜೀನಾಮೆ ಕೊಟ್ಟರು. ಅಂದರೆ ಸಂಸ್ಥಾನದ ಮುಸ್ಲಿಂ ಪ್ರಧಾನಿಗಳನ್ನೇ ಮುಸ್ಲಿಮರ ಹೆಸರಿನಲ್ಲಿ ಓಡಿಸಲಾಯಿತು.

ನಾಲ್ಕನೆಯದು ಮಖ್ದೂಮ್ ಮೊಹಿಯುದ್ದೀನ್ ಅವರದು. ಇವರು ಹುಟ್ಟಿದ ಆಂದೋಲ್, ಪಟಾನ್‌ಚೆರು ಇರುವ ಸಂಗಾರೆಡ್ಡಿ ಜಿಲ್ಲೆಯಲ್ಲೇ ಇದೆ. ಕವಿ, ಕಾರ್ಮಿಕ ನಾಯಕ, ಕಮ್ಯುನಿಸ್ಟ್. ಅವರಿಗೆ ಪ್ರಶ್ನೆ ನಿಜಾಮ್ ಬೇಕೋ ದಿಲ್ಲಿ ಬೇಕೋ ಅನ್ನುವುದಲ್ಲ, ಭೂಮಿ ಯಾರದು ಅನ್ನುವುದು. ತೆಲಂಗಾಣದ ರೈತರ ಸಶಸ್ತ್ರ ಹೋರಾಟ ನಿಜಾಮರ ಕಾಲದಲ್ಲಿ ಶುರುವಾಗಿ ಭಾರತ ಸರ್ಕಾರದ ಕಾಲದಲ್ಲೂ ನಡೆದು 1951ರ ಅಕ್ಟೋಬರ್‌ನಲ್ಲಿ ನಿಂತದ್ದು ಇದೇ ಕಾರಣಕ್ಕೆ.

ದಲಿತರಲ್ಲೂ ಒಂದೇ ಅಭಿಪ್ರಾಯ ಇರಲಿಲ್ಲ. ಬಿ.ಎಸ್. ವೆಂಕಟರಾವ್ ಲಾಯಕ್ ಅಲಿ ಸಂಪುಟದಲ್ಲಿ ಸಚಿವರಾಗಿದ್ದರು. ಬಿ. ಶ್ಯಾಮಸುಂದರ್ ಹೈದರಾಬಾದಿನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಡಾ. ಅಂಬೇಡ್ಕರ್ ಮಾತ್ರ 1947ರಲ್ಲೇ, ನಿಜಾಮರ ಕಡೆ ನಿಲ್ಲಬೇಡಿ ಅಂತ ಪರಿಶಿಷ್ಟರಿಗೆ ಸ್ಪಷ್ಟವಾಗಿ ಹೇಳಿದ್ದರು. ಇದೇ ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು, ಕರ್ನಾಟಕದ ದಲಿತ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಅವರನ್ನು ಬರೀ 'ನಿಜಾಮರ ಕಡೆಯವರು' ಅಂತ ಬರೆದು ಮುಗಿಸಿದರೆ ಆ ಮನುಷ್ಯ ಅರ್ಥವಾಗುವುದಿಲ್ಲ.

ಕನ್ನಡಿಗರ ಮಾತಿಗೆ ಬರೋಣ. ಉರ್ದು ನನ್ನ ಮನೆಯ ಭಾಷೆ, ಹಾಗಾಗಿ ಇದನ್ನು ನಾನೇ ಹೇಳುವುದು ಒಳ್ಳೆಯದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ವಿಜ್ಞಾನ, ವೈದ್ಯಕೀಯ ಕಲಿಸಿದ್ದು ಭಾರತೀಯ ಭಾಷೆಗಳ ಚರಿತ್ರೆಯಲ್ಲೇ ದೊಡ್ಡ ಕೆಲಸ. ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ರಾಯಚೂರಿನ, ಬೀದರಿನ ಕನ್ನಡದ ಹುಡುಗನಿಗೆ ಕಚೇರಿ, ಕೋರ್ಟು, ಕಾಲೇಜು ಎಲ್ಲವೂ ಬೇರೆಯವರ ಮಾತಿನಲ್ಲಿದ್ದವು. ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ 1938ರಲ್ಲಿ ಹುಟ್ಟುತ್ತಲೇ ನಿಷೇಧಕ್ಕೆ ಒಳಗಾಗಿ 1946ರವರೆಗೆ ಹಾಗೇ ಇತ್ತು. 'ವಿಮೋಚನೆ' ಅನ್ನುವ ಶಬ್ದ ಕಲಬುರಗಿಯ ಕನ್ನಡಿಗನ ಬಾಯಲ್ಲಿ ಬಂದಾಗ ಅದರಲ್ಲಿ ತನ್ನ ಭಾಷೆಯ ಶಾಲೆಯ ಆಸೆಯೂ ಸೇರಿತ್ತು. ಅದನ್ನು ಕೇಳಿಸಿಕೊಳ್ಳದೆ ಬರೀ ಮುಸ್ಲಿಂ ವಿರೋಧ ಅಂತ ಓದಿದರೆ ನಾವೂ ಮುನ್ಷಿಯವರ ಹಾಗೆ ಅರ್ಧ ಕಂಡವರಾಗುತ್ತೇವೆ.

ಮತದಾನ ನಡೆದಿದ್ದರೆ?

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ, ಅದಕ್ಕೆ ಉತ್ತರ ಕೊಡಬೇಕು. ಜನಮತಗಣನೆ ನಡೆದರೂ ಅದು ಜನರ ನಿಜವಾದ ಮಾತು ಹೇಳುತ್ತಿತ್ತೇ? ಆ ಎರಡು ವರ್ಷಗಳಲ್ಲಿ ಬೇರೆ ಕಡೆ ನಡೆದದ್ದನ್ನು ನೋಡಿ. 1947ರ ಜುಲೈಯಲ್ಲಿ ಸಿಲ್ಹೆಟ್‌ನಲ್ಲಿ 2,39,619 ಜನ ಪೂರ್ವ ಬಂಗಾಳದ ಕಡೆ, 1,84,041 ಜನ ಅಸ್ಸಾಮಿನ ಕಡೆ ಮತ ಹಾಕಿದರು. ಅಲ್ಲಿ ನಿಜಕ್ಕೂ ಎರಡು ಪಾಲು ಕಾಣಿಸಿತು. ಅದೇ ತಿಂಗಳು ವಾಯವ್ಯ ಗಡಿ ಪ್ರಾಂತದಲ್ಲಿ ಪಾಕಿಸ್ತಾನಕ್ಕೆ 2,89,244, ಭಾರತಕ್ಕೆ 2,874. ಈ ಅಂಕಿ ನೋಡಿ ಪಠಾಣರೆಲ್ಲ ಒಂದೇ ಮನಸ್ಸಿನವರು ಅಂದುಕೊಂಡರೆ ತಪ್ಪಾಗುತ್ತದೆ. ಪಖ್ತೂನಿಸ್ತಾನ ಅನ್ನುವ ಮೂರನೆಯ ಆಯ್ಕೆ ಕೊಡಿ ಅಂತ ಬಾದಶಾಹ್ ಖಾನ್ ಕೇಳಿದ್ದರು. ಕೊಡಲಿಲ್ಲ. ಅವರ ಜನ ಮತದಾನವನ್ನೇ ಬಹಿಷ್ಕರಿಸಿದರು. ಜುನಾಗಢದಲ್ಲಿ ಭಾರತ ಆಡಳಿತ ವಹಿಸಿಕೊಂಡ ಮೇಲೆ, 1948ರ ಫೆಬ್ರುವರಿಯಲ್ಲಿ, ಮತದಾನ ನಡೆಯಿತು. ಭಾರತಕ್ಕೆ 1,90,000ಕ್ಕೂ ಹೆಚ್ಚು, ಪಾಕಿಸ್ತಾನಕ್ಕೆ 91.

ಹಾಗಾಗಿ ಮತಪೆಟ್ಟಿಗೆ ಇಟ್ಟ ತಕ್ಷಣ ಸತ್ಯ ಹೊರಬರುತ್ತದೆ ಅಂತ ನಾನು ಹೇಳುವುದಿಲ್ಲ. ಪ್ರಶ್ನೆ ಯಾರು ಬರೆದರು, ಬಂದೂಕು ಯಾರ ಕೈಲಿತ್ತು ಅನ್ನೋದರ ಮೇಲೆ ಉತ್ತರ ನಿಂತಿರುತ್ತದೆ. ರಜಾಕಾರರು ಬೀದಿಯಲ್ಲಿರುವಾಗ ಶೋಯೆಬುಲ್ಲಾ ಅಂಥವರು ನಿರ್ಭಯವಾಗಿ ಮತ ಹಾಕೋಕೆ ಆಗುತ್ತಿರಲಿಲ್ಲ. ಸೈನ್ಯದ ಆಡಳಿತದಲ್ಲಿ 'ಸ್ವತಂತ್ರ' ಅನ್ನೋದಕ್ಕೆ ಇನ್ನೊಬ್ಬನಿಗೆ ಧೈರ್ಯ ಬರುತ್ತಿರಲಿಲ್ಲ. ಇಷ್ಟು ಒಪ್ಪಿಕೊಂಡೂ ನನ್ನ ಮಾತು ಉಳಿಯುತ್ತದೆ. ಮತದಾನ ಇಲ್ಲದಿದ್ದಾಗ ಜನರ ಅಭಿಪ್ರಾಯವನ್ನು ಅವರ ಹೆಸರು ನೋಡಿ, ಬಟ್ಟೆ ನೋಡಿ ತೀರ್ಮಾನ ಮಾಡಲಾಯಿತು. ಶಿಕ್ಷೆಯನ್ನೂ ಅದರ ಮೇಲೆಯೇ ಕೊಡಲಾಯಿತು.

ಹಾಕದ ಮತಕ್ಕೆ ಶಿಕ್ಷೆ

ಅದರ ದಾಖಲೆ ಸುಂದರಲಾಲ್ ಸಮಿತಿಯ ವರದಿ. ಪಂಡಿತ್ ಸುಂದರಲಾಲ್, 'ಪಯಾಮ್' ಪತ್ರಿಕೆ ಕಟ್ಟಿದ ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನು ಭಾರತ ಸರ್ಕಾರವೇ ಕಳಿಸಿತ್ತು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ 16 ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿದರು. ಪೊಲೀಸ್ ಆಕ್ಷನ್ ಸಮಯದಲ್ಲೂ ಆಮೇಲೂ ಸತ್ತವರ ಸಂಖ್ಯೆ ಕಡಿಮೆಯೆಂದರೂ 27,000ದಿಂದ 40,000 ಅಂತ ಅವರ ಅಂದಾಜು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ. ಸರ್ಕಾರ ವರದಿಯನ್ನು ಪ್ರಕಟಿಸಲಿಲ್ಲ. ದಶಕಗಳ ನಂತರ ಅದು ಓದುಗರಿಗೆ ಸಿಕ್ಕಿತು. ಮೆನನ್ ಅವರ ಮೂರು ಅಧ್ಯಾಯಗಳಲ್ಲಿ ಹಳ್ಳಿಗಳ ಈ ಸಾವಿಗೆ ಜಾಗ ಸಿಕ್ಕಿಲ್ಲ. ಅದರಿಂದ ಅವರ ಪುಸ್ತಕದ ಬೇರೆ ವಿವರಗಳು ಸುಳ್ಳಾಗುವುದಿಲ್ಲ, ಆದರೆ ಕಥೆ ಸುಖಾಂತವಾಗಿ ಮುಗಿಯಿತು ಅನ್ನುವ ಅದರ ಧಾಟಿ ನಿಲ್ಲುವುದಿಲ್ಲ.

ವರದಿಯ ಇನ್ನೊಂದು ಭಾಗವನ್ನು ನಮ್ಮವರು ಓದಬೇಕು. ಹಿಂದೂ ನೆರೆಹೊರೆಯವರು ಅಪಾಯ ಲೆಕ್ಕಿಸದೆ ಮುಸ್ಲಿಮರನ್ನು ಕಾಪಾಡಿದ ಉದಾಹರಣೆಗಳೂ ಅದರಲ್ಲಿವೆ. ಕಾಪಾಡಿದವರೂ ಒಂದು ಅಭಿಪ್ರಾಯ ಚಲಾಯಿಸಿದವರೇ. ಗೋರ್ಟಾವನ್ನು ಮರೆತು ಸುಂದರಲಾಲ್ ವರದಿ ಓದುವವರು, ಸುಂದರಲಾಲ್ ವರದಿ ಮರೆತು ಗೋರ್ಟಾದಲ್ಲಿ ಭಾಷಣ ಮಾಡುವವರು, ಇಬ್ಬರೂ ಬೀದರ್ ಜಿಲ್ಲೆಯ ಅರ್ಧ ಜನರನ್ನು ಲೆಕ್ಕದಿಂದ ಬಿಡುತ್ತಿದ್ದಾರೆ.

ಎ.ಜಿ. ನೂರಾನಿ ಅವರ 'ದಿ ಡಿಸ್ಟ್ರಕ್ಷನ್ ಆಫ್ ಹೈದರಾಬಾದ್' ಈ ವರದಿಯನ್ನು ಅನುಬಂಧವಾಗಿ ಕೊಟ್ಟು ದೊಡ್ಡ ಉಪಕಾರ ಮಾಡಿತು. ಪಟೇಲ್, ಮುನ್ಷಿ ಇಬ್ಬರನ್ನೂ ಅವರು ಬಿಡುವುದಿಲ್ಲ, ಕಾಸಿಂ ರಜ್ವಿಯನ್ನೂ ಬಿಡುವುದಿಲ್ಲ. ವಕೀಲರ ಪುಸ್ತಕ, ಪ್ರತಿ ಮಾತಿಗೂ ಕಾಗದದ ಸಾಕ್ಷಿ. ಅದೇ ಅದರ ಮಿತಿಯೂ ಹೌದು. ಕಾಗದ ಬರೆದವರು ನಾಯಕರು, ಹಾಗಾಗಿ ಪುಸ್ತಕದ ತುಂಬ ನಾಯಕರ ಪತ್ರ ವ್ಯವಹಾರ. ಬೀದರಿನ ಬಿದರಿ ಕೆಲಸದವನು ಏನಂದುಕೊಂಡಿದ್ದ, ಹುಮನಾಬಾದಿನ ವಿಧವೆ ಏನಂದುಕೊಂಡಳು, ಅದಕ್ಕೆ ಕಾಗದ ಇಲ್ಲ.

ಹಾಗಾದರೆ ಮಕ್ಕಳಿಗೆ ಏನು ಹೇಳೋಣ?

'ನಮ್ಮೋರು ಯಾವ ಕಡೆ?' ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟು: 'ನಮ್ಮೋರು' ಒಂದು ಕಡೆ ಇರಲಿಲ್ಲ. ರಜ್ವಿ ನಮ್ಮವನಾದರೆ ಶೋಯೆಬುಲ್ಲಾ ನಮ್ಮವರಲ್ಲವೇ? ರಜ್ವಿ 1957ರವರೆಗೆ ಜೈಲಿನಲ್ಲಿದ್ದು, ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಹೋಗಲು ಜಾಗವಿಲ್ಲದ, ಹೋಗಲು ಮನಸ್ಸೂ ಇಲ್ಲದ ಲಕ್ಷಾಂತರ ಜನ ಇಲ್ಲೇ ಉಳಿದರು. ಅವರು ರಜ್ವಿಯ ಭಾಷಣಗಳಿಗೆ ಉತ್ತರ ಕೊಡುತ್ತ ಬದುಕಬೇಕಾಯಿತು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇನ್ನೂ ಕೊಡುತ್ತಿದ್ದಾರೆ.

ಓದುಗರಲ್ಲಿ, ಮುಖ್ಯವಾಗಿ ಬಿ.ಎ., ಬಿ.ಎಡ್. ಓದುವವರಲ್ಲಿ ಒಂದು ಕೋರಿಕೆ. ಮೆನನ್ ಓದಿದರೆ ಲಾಯಕ್ ಅಲಿಯನ್ನೂ ಓದಿ, ಇಬ್ಬರನ್ನೂ ಓದಿದ ಮೇಲೆ ಫರೀದ್ ಮಿರ್ಜಾ ಓದಿ. ಯಾವ ಪುಸ್ತಕದಲ್ಲಿ 'ಮುಸ್ಲಿಮರು ಬಯಸಿದರು', 'ಹಿಂದೂಗಳು ಬಯಸಿದರು' ಅಂತ ಬಂದರೂ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ: ಯಾರು, ಯಾವ ಊರಿನವರು, ಯಾರು ಕೇಳಿದ್ದರು? ಕನ್ನಡ ಬಲ್ಲ ಉರ್ದು ಮನೆಗಳವರು ಇನ್ನೊಂದು ಕೆಲಸ ಮಾಡಬಹುದು. ಫರೀದ್ ಮಿರ್ಜಾ ಅವರ ಪುಸ್ತಕ, ಸುಂದರಲಾಲ್ ವರದಿ, ಎರಡೂ ಒಟ್ಟಿಗೆ ಕನ್ನಡದಲ್ಲಿ ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿ ಸಿಗುವಂತಾಗಬೇಕು.

ಕೊನೆಗೊಂದು ಮತದಾನದ ಮಾತು, ನಿಜವಾಗಿಯೂ ನಡೆದದ್ದು. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ನಲ್ಗೊಂಡದ ಜನ ಕಮ್ಯುನಿಸ್ಟರ ರಾವಿ ನಾರಾಯಣ ರೆಡ್ಡಿಯವರಿಗೆ ನೆಹರೂ ಅವರಿಗಿಂತಲೂ ಹೆಚ್ಚು ಮತ ಕೊಟ್ಟರು. ಬೀದರಿನ ಜನ ಕಾಂಗ್ರೆಸ್ಸಿನ ಡಾ. ಶೌಕತುಲ್ಲಾ ಶಾ ಅನ್ಸಾರಿ ಅವರನ್ನು ಆರಿಸಿ ಕಳಿಸಿದರು. ಅವರು ಉತ್ತರ ಪ್ರದೇಶದ ಮುಸ್ಲಿಂ, ದೇಶ ವಿಭಜನೆಯ ವಿರುದ್ಧ 1944ರಲ್ಲೇ ಪುಸ್ತಕ ಬರೆದಿದ್ದವರು. ಗೋರ್ಟಾ ಕಂಡ ಜಿಲ್ಲೆ, ಸೆಪ್ಟೆಂಬರ್ ನಂತರದ ಕೊಲೆಗಳನ್ನು ಕಂಡ ಜಿಲ್ಲೆ, ನಾಲ್ಕೇ ವರ್ಷದಲ್ಲಿ ಹೀಗೆ ಮತ ಹಾಕಿತು. ಬೀದರಿನವರನ್ನು ಮೊದಲ ಸಲ ನೇರವಾಗಿ ಕೇಳಿದಾಗ ಅವರು ಕೊಟ್ಟ ಉತ್ತರ ಇದು. ಹೆಸರು ನೋಡಿ ಮತ ಊಹಿಸುವ ಯಾವ ಪುಸ್ತಕವೂ ಇದನ್ನು ಮುಂಚಿತವಾಗಿ ಹೇಳುತ್ತಿರಲಿಲ್ಲ.